ಡಿಟಾ ಟಿಪ್ಪಣಿ: ಕೋಟ್ ಮುಚ್ಚುವ ಮೊದಲಿನ ಒಂದು ಸ್ಪೇಸ್

ಒಂದು ಸ್ಪೇಸ್‌ನಿಂದ ನನ್ನ ಎರಡು ದಿನ ಹಾಳಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಡಿಟಾ (ಕೈಪಿಡಿಯನ್ನು ಟಾಪಿಕ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ, ಟ್ಯಾಗ್ ಹಾಕಿ ಬರೆಯುವ ಪದ್ಧತಿ) ಕಲಿಯುತ್ತಿರುವ ಉಳಿದವರಿಗೂ ಉಪಯೋಗ ಆದೀತು.

ಟಾಪಿಕ್‌ನ ಬಗೆಗಳಾದ ಕಾನ್ಸೆಪ್ಟ್ (ವಿವರಣೆ), ಟಾಸ್ಕ್ (ಕೆಲಸ ಮಾಡುವ ಕ್ರಮ), ರೆಫರೆನ್ಸ್ (ಮಾಹಿತಿ) ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಅದು ಸುಲಭ. ಡಿಟಾ ಐಬಿಎಂನಲ್ಲಿ ಹುಟ್ಟಿದ್ದು, 2005ರಲ್ಲಿ ಓಯಾಸಿಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಆಯಿತು. ಹೆಸರಿನ ಮೊದಲ 'ಡಿ' ಎಂದರೆ ಡಾರ್ವಿನ್. ಇರುವ ಎಲಿಮೆಂಟಿನಿಂದ (ಅಂದರೆ ಟ್ಯಾಗ್ ಹಾಕಿದ ಒಂದು ಭಾಗದಿಂದ) ನಮ್ಮ ಕಸುಬಿಗೆ ಬೇಕಾದ ಹೊಸದನ್ನು ಹುಟ್ಟಿಸಬಹುದು, ಹೆತ್ತದ್ದರ ಗುಣ ಅದಕ್ಕೂ ಬರುತ್ತದೆ. ಇದಕ್ಕೆ ಸ್ಪೆಷಲೈಸೇಶನ್ ಅನ್ನುತ್ತಾರೆ. ನಾನು ಎಡವಿದ್ದು ಇಲ್ಲೇ.

ಅಭ್ಯಾಸಕ್ಕೆ ಆರಿಸಿಕೊಂಡದ್ದು ಗೇರುಬೀಜ ಒಡೆಯುವ ಮೆಷಿನಿನ ಕೈಪಿಡಿ. ಮಂಗಳೂರಿನವರಿಗೆ ಹೇಳಬೇಕಾಗಿಲ್ಲ, ಸಿಪ್ಪೆಯ ಎಣ್ಣೆ ತಾಗಿದರೆ ಕೈ ಸುಟ್ಟು ಗುಳ್ಳೆ ಏಳುತ್ತದೆ. ಅದಕ್ಕೆ ಡಿಟಾದಲ್ಲಿರುವ ಬರೀ ನೋಟ್ ಎಂಬ ಎಲಿಮೆಂಟ್ ಸಾಲದು ಅನ್ನಿಸಿತು. 'ಎಚ್ಚರ' ಎಂಬ ಹೊಸ ಎಲಿಮೆಂಟ್ ಮಾಡಿದೆ. ಡಿಟಿಡಿಯಲ್ಲಿ (ಎಲಿಮೆಂಟ್‌ಗಳ ನಿಯಮ ಬರೆದಿಡುವ ಫೈಲ್) ಅದರ ಕ್ಲಾಸ್, ಅಂದರೆ ಅದು ಯಾವುದರಿಂದ ಹುಟ್ಟಿತೆಂದು ಹೇಳುವ ಸಾಲು, ಹೀಗಿರಬೇಕು:

"+ ಟಾಪಿಕ್/ನೋಟ್ ಗೇರು-ಡಿ/ಎಚ್ಚರ "

ಎಡದಿಂದ ಓದಿ. ಮೊದಲು ಹಿರಿಯರು, ಕೊನೆಗೆ ನಾವು. ಓರೆಗೆರೆಯ ಎಡಗಡೆ ಮಾಡ್ಯೂಲ್ (ಎಲಿಮೆಂಟ್‌ಗಳ ಗುಂಪು; ಗೇರು-ಡಿ ನನ್ನದು), ಬಲಗಡೆ ಎಲಿಮೆಂಟ್. ಪ್ಲಸ್ ಇದ್ದರೆ ಡೊಮೈನಿನದು (ಬೇರೆ ಬೇರೆ ಬಗೆಯ ಟಾಪಿಕ್‌ಗಳಲ್ಲಿ ಬಳಸುವ ಗುಂಪು), ಮೈನಸ್ ಇದ್ದರೆ ಟಾಪಿಕ್ ರಚನೆಯದು. ಟಾಸ್ಕಿನ ಸ್ಟೆಪ್ ನೋಡಿ: "- ಟಾಪಿಕ್/ಎಲ್‌ಐ ಟಾಸ್ಕ್/ಸ್ಟೆಪ್ ". ಎಲ್‌ಐ ಎಂದರೆ ಲಿಸ್ಟ್ ಐಟಮ್, ಅಂದರೆ ಸ್ಟೆಪ್ ಎಂಬುದು ಪಟ್ಟಿಯ ಒಂದು ಸಾಲು, ಅಷ್ಟೇ. ಸ್ಟೆಪ್ ಗೊತ್ತಿಲ್ಲದ ಸಾಫ್ಟ್‌ವೇರ್ ಕೂಡ ಅದನ್ನು ಪಟ್ಟಿಯ ಸಾಲಾಗಿ ಪ್ರಿಂಟ್ ಮಾಡುತ್ತದೆ. ಗೇರುಬೀಜದವರೂ ದೋಣಿ ಎಂಜಿನಿನವರೂ ಒಂದೇ ಸ್ಟ್ಯಾಂಡರ್ಡನ್ನು ತಮಗೆ ಬೇಕಾದಂತೆ ಒಗ್ಗಿಸಿಕೊಳ್ಳಲು ಆಗುವುದು ಇದರಿಂದಲೇ.

ನನ್ನದರಲ್ಲಿ ನೋಟಿನ ರೂಪ ಸರಿಯಾಗಿ ಬಂತು. ನಾನು ಸ್ಟೈಲ್‌ಶೀಟಿನಲ್ಲಿ (ಯಾವ ಎಲಿಮೆಂಟ್ ಹೇಗೆ ಕಾಣಬೇಕೆಂದು ಹೇಳುವ ಫೈಲ್) ಬರೆದ ಕೆಂಪು ಚೌಕಟ್ಟು ಮಾತ್ರ ಬರಲಿಲ್ಲ. ಬಣ್ಣ ಬದಲಿಸಿದೆ, ಫೈಲಿನ ಹೆಸರು ಬದಲಿಸಿದೆ, ಒಮ್ಮೆ ಸುಮ್ನೆ ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ನೋಡಿದರೆ ಕ್ಲಾಸಿನ ಸಾಲಿನಲ್ಲಿ ಕೋಟ್ ಮುಚ್ಚುವ ಮೊದಲು ಸ್ಪೇಸ್ ಬಿಟ್ಟಿರಲಿಲ್ಲ!

ಕ್ಲಾಸಿನಲ್ಲಿ ಸ್ಟೈಲ್‌ಶೀಟ್ ಹುಡುಕುವುದು ಎರಡೂ ಬದಿ ಸ್ಪೇಸ್ ಇರುವ ತುಂಡನ್ನು. ಡಿಟಾದಲ್ಲಿ 'ಪಿ' (ಪ್ಯಾರಾ) ಉಂಟು, 'ಪಿಎಚ್' (ಪದಗುಚ್ಛ) ಉಂಟು, 'ಪಿಆರ್‌ಇ' (ಬರೆದ ಹಾಗೇ ಕಾಣುವ ಪಠ್ಯ) ಉಂಟು. ಸ್ಪೇಸ್ ಇಲ್ಲದೆ 'ಟಾಪಿಕ್/ಪಿ' ಹುಡುಕಿದರೆ ಮೂರೂ ಸಿಗುತ್ತವೆ. ಫೋನಿನಲ್ಲಿ 'ರಾಮ' ಎಂದು ಹಾಕಿದರೆ ರಾಮಣ್ಣ, ರಾಮಚಂದ್ರ ಮಾಸ್ಟ್ರು ಎಲ್ಲ ಬರ್ತಾರಲ್ವಾ, ಹಾಗೆ. ನನ್ನ 'ಟಾಪಿಕ್/ನೋಟ್' ನಡುವೆ ಇತ್ತು, ಎರಡೂ ಬದಿ ಸ್ಪೇಸ್ ಇತ್ತು, ಸಿಕ್ಕಿತು. ತುದಿಯ 'ಗೇರು-ಡಿ/ಎಚ್ಚರ'ಕ್ಕೆ ಬಲಗಡೆ ಏನೂ ಇಲ್ಲ, ಸಿಗಲಿಲ್ಲ. ಎರರ್ ಕೂಡ ತೋರಿಸಲಿಲ್ಲ ನೋಡಿ, ಅದೇ ಜಾಸ್ತಿ ಕಿರಿಕಿರಿ.

ಇನ್ನೊಂದು ನಿಯಮ: ಒಳಗೆ ಏನೇನು ಹಾಕಬಹುದು ಎಂಬುದರಲ್ಲಿ ಹೊಸ ಎಲಿಮೆಂಟ್ ಮೂಲದ್ದಕ್ಕಿಂತ ಬಿಗಿ ಇರಬಹುದು, ಸಡಿಲ ಇರಬಾರದು. ಬರೀ ಬಿಗಿ ಮಾಡುವುದಾದರೆ ಹೊಸ ಹೆಸರೇ ಬೇಡ, ಇರುವ ಎಲಿಮೆಂಟನ್ನೇ ಬಿಗಿ ಮಾಡುವ ಕನ್‌ಸ್ಟ್ರೇಂಟ್ ಸಾಕು.

ಇಷ್ಟೆಲ್ಲ ಮಾಡಿ, ಮಣಿಪಾಲದಲ್ಲಿ ಇದೇ ಕೆಲಸದಲ್ಲಿರುವ ಅಕ್ಕ ಒಬ್ಬರಿಗೆ ತೋರಿಸಿದೆ. "ಹಜಾರ್ಡ್ ಸ್ಟೇಟ್‌ಮೆಂಟ್ ಅಂತ 1.2ರಲ್ಲೇ ಉಂಟಲ್ಲ ಮಾರಾಯ" ಅಂದರು. ಡಿಟಾದ 1.2 ಆವೃತ್ತಿ ಬಂದ 2010ರಿಂದ ಇದೆಯಂತೆ! ಅಪಾಯ ಏನು, ಆದರೆ ಏನಾಗುತ್ತದೆ, ತಪ್ಪಿಸುವುದು ಹೇಗೆ ಎಂದು ಬೇರೆ ಬೇರೆ ಬರೆಯಲು ಜಾಗ ಅದರಲ್ಲಿದೆ. ಅದೂ ನೋಟಿನಿಂದಲೇ ಹುಟ್ಟಿದ್ದು.

ಅಕ್ಕ ಹೇಳಿದ ಇನ್ನೊಂದು ಮಾತು ಯಾವ ಪಾಠದಲ್ಲೂ ನನಗೆ ಸಿಕ್ಕಿರಲಿಲ್ಲ. ವಿಮಾನದವರು ಕೈಪಿಡಿಗೆ ಬಳಸುವ ಎಸ್1000ಡಿ ಎಂಬ ಸ್ಟ್ಯಾಂಡರ್ಡಿನಲ್ಲಿ ವಾರ್ನಿಂಗ್ ಎಂದರೆ ಜನರಿಗೆ ಅಪಾಯ, ಕಾಶನ್ ಎಂದರೆ ಯಂತ್ರಕ್ಕೆ ಹಾನಿ. ಅಮೆರಿಕದ ಸುರಕ್ಷತಾ ಚಿಹ್ನೆಗಳ ಸ್ಟ್ಯಾಂಡರ್ಡ್ ಆದ ಆನ್ಸಿ ಜೆಡ್535ರಲ್ಲಿ ಕಾಶನ್ ಎಂದರೂ ಜನರಿಗೇ ಗಾಯ, ಆದರೆ ದೊಡ್ಡದಲ್ಲ. ಯಂತ್ರದ ಹಾನಿಗೆ ಅಲ್ಲಿ ನೋಟಿಸ್. ಎಸ್1000ಡಿಯ ಕೈಪಿಡಿಯಿಂದ ಆನ್ಸಿಯಂತೆ ಬರೆಯುವ ಕೈಪಿಡಿಗೆ ತರುವಾಗ ಹೆಸರು ನೋಡಿ ಹಾಗೇ ಕಾಪಿ ಮಾಡಿದರೆ, ಬೆಲ್ಟ್ ಹರಿಯುವುದಕ್ಕೂ ಕೈ ಸುಡುವುದಕ್ಕೂ ಒಂದೇ ಚಿಹ್ನೆ ಬೀಳುತ್ತದೆ.

ನನ್ನ 'ಎಚ್ಚರ'ವನ್ನು ಅಳಿಸಿದೆ. ಕೈಗೆ ತಾಗುವ ಎಣ್ಣೆಗೆ ಈಗ ಆನ್ಸಿಯ ಅರ್ಥದಲ್ಲಿ ಕಾಶನ್ ಹಾಕಿದ್ದೇನೆ, ಕಣ್ಣಿಗೆ ಸಿಡಿಯುವುದಕ್ಕೆ ವಾರ್ನಿಂಗ್.