ಕ್ಷಮಿಸಿದ ಮೇಲೂ ಮನಸ್ಸಿನ ಕಹಿ ಹೋಗದಿದ್ದರೆ?

ಪ್ರಶ್ನೆ: ನನಗೆ ಅನ್ಯಾಯ ಮಾಡಿದವರನ್ನು ದೇವರ ಮುಂದೆ ಕ್ಷಮಿಸಿದ್ದೇನೆ. ಆದರೂ ಅವರ ಹೆಸರು ಕಿವಿಗೆ ಬಿದ್ದೊಡನೆ ಎದೆ ಕುದಿಯುತ್ತದೆ. ನನ್ನ ಕ್ಷಮೆ ಸುಳ್ಳೇ? ಕಹಿ ಬೇರೂರದಂತೆ ಹೃದಯವನ್ನು ಕಾಯ್ದುಕೊಳ್ಳುವುದು ಹೇಗೆ?

ಉತ್ತರ: ಸುಳ್ಳೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ನೋವು ಮರುಕಳಿಸುವುದು ಬೇರೆ, ಕಹಿಯನ್ನು ಸಾಕಿಕೊಳ್ಳುವುದು ಬೇರೆ. ಅಣ್ಣಂದಿರೇ ಗುಲಾಮನಾಗಿ ಮಾರಿದ, ಮುಂದೆ ಐಗುಪ್ತದಲ್ಲಿ ಅಧಿಕಾರಿಯಾದ ಯೋಸೇಫನು ತನ್ನ ಚೊಚ್ಚಲ ಮಗನಿಗೆ ಮನಸ್ಸೆ ಎಂದು ಹೆಸರಿಟ್ಟು, ತನ್ನ ಕಷ್ಟವನ್ನೆಲ್ಲ ದೇವರು ಮರೆಯಿಸಿದನೆಂದು ಹೇಳಿಕೊಂಡಿದ್ದನು (ಆದಿಕಾಂಡ 41:51). ಆದರೆ ಧಾನ್ಯಕ್ಕಾಗಿ ಬಂದ ಅಣ್ಣಂದಿರು, ತಾನು ಅಂಗಲಾಚಿದರೂ ಕಿವಿಗೊಡದಿದ್ದುದನ್ನು ತಮ್ಮತಮ್ಮೊಳಗೇ ಮಾತಾಡಿಕೊಂಡದ್ದನ್ನು ಕೇಳಿದಾಗ, ಅವನು ಅವರ ಬಳಿಯಿಂದ ಎದ್ದುಹೋಗಿ ಅತ್ತನು. ಅಷ್ಟು ವರ್ಷಗಳ ಮೇಲೂ ಗಾಯ ನೋಯುತ್ತಿತ್ತು. ಆದರೂ ಹಸಿದು ಬಂದವರ ಚೀಲಗಳನ್ನು ತುಂಬಿಸಿಯೇ ಕಳುಹಿಸಿದನು.

ಕಹಿ ಹೇಗೆ ಬೆಳೆಯುತ್ತದೆ ಎಂಬುದನ್ನು ನೋಡಬೇಕಾದರೆ ದಾವೀದ ರಾಜನ ಮಗನಾದ ಅಬ್ಷಾಲೋಮನನ್ನು ನೋಡಬೇಕು. ತನ್ನ ತಂಗಿ ತಾಮಾರಳನ್ನು ಕೆಡಿಸಿದ ಮಲಅಣ್ಣ ಅಮ್ನೋನನ ಮೇಲೆ ಅವನಿಗಿದ್ದ ಸಿಟ್ಟು ನ್ಯಾಯವಾದದ್ದೇ. ದಾವೀದನೂ ವಿಷಯ ತಿಳಿದು ಬಹಳ ಕೋಪಗೊಂಡನು, ಆದರೆ ಮಗನನ್ನು ಶಿಕ್ಷಿಸಿದನೆಂದು ಎಲ್ಲಿಯೂ ಹೇಳಿಲ್ಲ. ಅಬ್ಷಾಲೋಮನು ಅಮ್ನೋನನೊಡನೆ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಆಡದೆ ಎರಡು ವರ್ಷ ಸುಮ್ಮನಿದ್ದು, ಕೊನೆಗೆ ಉಣ್ಣೆ ಕತ್ತರಿಸುವ ಹಬ್ಬದೌತಣಕ್ಕೆ ಕರೆದು ಕೊಲ್ಲಿಸಿದನು (2 ಸಮುವೇಲ 13). ಹೊರಗಿನಿಂದ ಆ ಮೌನವು ತಾಳ್ಮೆಯಂತೆ ಕಂಡಿರಬಹುದು. ಆದ್ದರಿಂದಲೇ, ನೊಂದವರಿಗೆ ‘ಮರೆತುಬಿಡಿ, ಸುಮ್ಮನಿದ್ದುಬಿಡಿ’ ಎಂದು ನಾವು ಸಲೀಸಾಗಿ ಹೇಳುವ ಬುದ್ಧಿಮಾತು ನನಗೆ ಅಪಾಯಕಾರಿಯಾಗಿ ತೋರುತ್ತದೆ. ಬಾಯಿ ಮುಚ್ಚಿದ ಮಾತ್ರಕ್ಕೆ ಒಳಗಿನ ವಿಚಾರಣೆ ನಿಲ್ಲುವುದಿಲ್ಲ. ಅಲ್ಲಿ ನಾವೇ ಸಾಕ್ಷಿ, ನಾವೇ ವಕೀಲ, ನಾವೇ ನ್ಯಾಯಾಧೀಶ, ಪ್ರತಿ ರಾತ್ರಿಯೂ ಅದೇ ತೀರ್ಪು.

ಕೋಪಗೊಂಡರೂ ಪಾಪಮಾಡಬೇಡಿರಿ, ಹೊತ್ತು ಮುಳುಗುವ ಮುನ್ನ ಸಿಟ್ಟು ತೀರಲಿ ಎಂದು ಪೌಲನು ಎಫೆಸದವರಿಗೆ ಬರೆಯುವಾಗ (4:26-27) ಕೋಪವೇ ಬರಬಾರದೆಂದು ಹೇಳಲಿಲ್ಲ. ಅದು ಒಳಗೆ ಬಿಡಾರ ಹೂಡಿದರೆ ಸೈತಾನನಿಗೆ ಅವಕಾಶವಾಗುತ್ತದೆಂದು ಎಚ್ಚರಿಸಿದನು. ಹಾಗಾದರೆ ಅದನ್ನು ಒಯ್ಯುವುದೆಲ್ಲಿಗೆ? ದೇವರ ಬಳಿಗೆ, ಅದು ಇದ್ದ ಹಾಗೆಯೇ. 73ನೆಯ ಕೀರ್ತನೆಯಲ್ಲಿ ಆಸಾಫನು ದುಷ್ಟರ ಸುಖವನ್ನು ಕಂಡು ತನ್ನ ಮನಸ್ಸು ಕಹಿಯಾಯಿತೆಂದೂ, ತಾನು ದೇವರ ಮುಂದೆ ಪಶುವಿನಂತಿದ್ದೆನೆಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ನಿಮ್ಮ ಪ್ರಾರ್ಥನೆಯೂ ಅಷ್ಟೇ ನೇರವಾಗಿರಲಿ. ‘ಎಲ್ಲರನ್ನೂ ಕ್ಷಮಿಸಿದ್ದೇನೆ ಕರ್ತನೇ’ ಎಂಬ ಸಾರಾಸಗಟು ಮಾತಿಗಿಂತ, ಆ ವ್ಯಕ್ತಿಯ ಹೆಸರು ಹೇಳಿ, ನಡೆದದ್ದೇನು, ನೀವು ಕಳೆದುಕೊಂಡದ್ದೇನು ಎಂಬುದನ್ನು ಬಾಯಿಬಿಟ್ಟು ಹೇಳಿ, ಸೇಡು ತೀರಿಸಿಕೊಳ್ಳಬೇಕೆಂಬ ಆಸೆಯನ್ನು ದೇವರ ಕೈಗೆ ಒಪ್ಪಿಸುವುದು ಹೆಚ್ಚು ಪ್ರಾಮಾಣಿಕವಾದದ್ದು. ಎದೆ ಮತ್ತೆ ಕುದಿದಾಗ ಇದನ್ನೇ ಮತ್ತೆ ಮಾಡಬೇಕಾಗುತ್ತದೆ.

ಕ್ಷಮಿಸಬೇಕಾದರೆ ಆದ ನಷ್ಟವನ್ನು ಚಿಕ್ಕದೆಂದು ಎಣಿಸಬೇಕಾಗಿಲ್ಲ. ಯೇಸು ಹೇಳಿದ ಸಾಮ್ಯದಲ್ಲಿ (ಮತ್ತಾಯ 18) ರಾಜನಿಂದ ಭಾರೀ ಸಾಲದ ಮನ್ನಾ ಪಡೆದ ಆಳೊಬ್ಬನು ತನ್ನ ಜೊತೆಯ ಆಳಿನ ಸಾಲವನ್ನು ಬಿಡಲೊಪ್ಪಲಿಲ್ಲ. ಆ ಜೊತೆಯ ಆಳು ಕೊಡಬೇಕಾಗಿದ್ದ 100 ದೀನಾರಗಳು ಕೂಲಿಯವನ 100 ದಿನಗಳ ದುಡಿಮೆ. ಅದು ನಿಜವಾದ ಸಾಲವೇ. ಅದನ್ನು ಬಿಟ್ಟುಕೊಡುವ ಬಲ ಬರುವುದು, ತನಗೆ ಮನ್ನಾ ಆದ 10,000 ತಲಾಂತುಗಳನ್ನು, ಅಂದರೆ ಜೀವಮಾನವಿಡೀ ದುಡಿದರೂ ತೀರದ ಸಾಲವನ್ನು, ನೆನೆಯುವವನಿಗೆ ಮಾತ್ರ.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಕ್ಷಮಿಸಿದವರು ಹಿಂದಿನಂತೆಯೇ ನಂಬಲೇಬೇಕೆಂಬ ನಿಯಮವಿಲ್ಲ. ಕಂಚುಗಾರನಾದ ಅಲೆಕ್ಸಾಂದ್ರನು ತನಗೆ ಬಹಳ ಕೇಡು ಮಾಡಿದನೆಂದು ಬರೆದ ಪೌಲನು, ಪ್ರತಿಫಲವನ್ನು ಕರ್ತನಿಗೆ ಬಿಟ್ಟನು. ಅವನ ವಿಷಯದಲ್ಲಿ ಎಚ್ಚರಿಕೆಯಿಂದಿರು ಎಂದು ತನ್ನ ಶಿಷ್ಯ ತಿಮೊಥೆಯನಿಗೂ ಹೇಳಿದನು. ಮರುವಚನದಲ್ಲಿಯೇ, ವಿಚಾರಣೆಯ ಹೊತ್ತಿನಲ್ಲಿ ತನ್ನನ್ನು ಕೈಬಿಟ್ಟವರ ಲೆಕ್ಕಕ್ಕೆ ಅದು ಸೇರದಿರಲಿ ಎಂದು ಬೇಡಿಕೊಂಡನು (2 ತಿಮೊಥೆಯನಿಗೆ 4:14-16). ಹಾನಿ ಇನ್ನೂ ನಡೆಯುತ್ತಿದ್ದರೆ ದೂರ ಸರಿಯುವುದಾಗಲಿ ಕಾನೂನಿನ ನೆರವು ಕೇಳುವುದಾಗಲಿ ಕಹಿಯ ಗುರುತಲ್ಲ. ಆದರೆ ಕಂಡಕಂಡವರ ಮುಂದೆಲ್ಲ ಆ ಕಥೆಯನ್ನು ಹರಡುತ್ತಿದ್ದರೆ, ಇಬ್ರಿಯರಿಗೆ ಬರೆದ ಪತ್ರಿಕೆ (12:15) ಎಚ್ಚರಿಸುವಂತೆ ಆ ಕಹಿಯ ಬೇರು ಅನೇಕರನ್ನು ಕೆಡಿಸುತ್ತದೆ. ಗುಟ್ಟು ಕಾಯಬಲ್ಲ, ನಿಮ್ಮ ತಪ್ಪನ್ನೂ ನಿಮಗೆ ಹೇಳಬಲ್ಲ ಒಬ್ಬ ಪಕ್ವ ವಿಶ್ವಾಸಿಯನ್ನು ಆರಿಸಿಕೊಂಡು ಅವರ ಮುಂದೆ ಎಲ್ಲವನ್ನೂ ಹೇಳಿಕೊಳ್ಳಿರಿ.