ಮೂರನೇ ಇಲಿಯ ಕರುಳು

"ಸರ್, ಇಡಿಟಿಎ ಕೆಟ್ಟಿರಬೇಕು." ಕಲಬುರಗಿಯಲ್ಲಿ ನನ್ನ ಹತ್ತಿರ ಲ್ಯಾಬ್ ಕೆಲಸ ಕಲಿಯಲು ಬರುವ ಹುಡುಗರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ! ಇಲಿಯ ಕರುಳಿನ ಒಳಪದರದಿಂದ ಕೋಶಗಳನ್ನು ಜೀವಂತವಾಗಿ ಬಿಡಿಸಿಕೊಳ್ಳಲು ಬಳಸುವ ರಾಸಾಯನಿಕ ಈ ಇಡಿಟಿಎ. ಟ್ಯೂಬ್ ಎತ್ತಿ ನೋಡಿದರೆ ಒಳಗೆ ಬೆಂಡೆಕಾಯಿ ಲೋಳೆ. ಪಿಪೆಟ್ ಎಳೆದರೆ ದಾರದಂತೆ ಬರುತ್ತದೆ. ಅದು ಸತ್ತ ಕೋಶಗಳಿಂದ ಹೊರಬಿದ್ದ ಡಿಎನ್‌ಎ. ಇಡಿಟಿಎ ಪಾಪ, ಏನೂ ಮಾಡಿಲ್ಲ.

ಇಲಿಗಳನ್ನು ಯಾವಾಗ ಕೊಂದಿರಿ ಎಂದು ಕೇಳುತ್ತೇನೆ. "ಮೂರನ್ನೂ ಒಟ್ಟಿಗೆ ಸರ್. ಆಮೇಲೆ ಒಂದೊಂದೇ ಬಿಚ್ಚಿದ್ವಿ." ಮೂರನೆಯದಕ್ಕೆ ಕೈ ಹಚ್ಚುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ.

ಟೈಮರ್ ಶುರುವಾಗುವುದು ಇಡಿಟಿಎ ಹಾಕಿದಾಗ ಅಲ್ಲ, ಇಲಿಯ ಉಸಿರು ನಿಂತಾಗ. ಸ್ನಾಯು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಕರುಳಿನ ಒಳಪದರ ತಡೆಯಲ್ಲ. ಅಲ್ಲೇ ಜೀರ್ಣರಸ ಇದೆ, ಬ್ಯಾಕ್ಟೀರಿಯಾ ಇವೆ. ಬದುಕಿದ್ದಾಗಲೇ ಹೆಚ್ಚಿನ ಕೋಶಗಳು ಮೂರರಿಂದ ಐದು ದಿನಕ್ಕೆ ಉದುರುತ್ತವೆ. ಇಡಿಟಿಎ ಕ್ಯಾಲ್ಸಿಯಂ ಹಿಡಿದುಕೊಂಡಾಗ ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್ ಸಡಿಲವಾಗುತ್ತದೆ, ಕೋಶಗಳು ಒಂದರ ಕೈ ಒಂದು ಬಿಡುತ್ತವೆ. ತಳ ಬಿಟ್ಟ ಕೋಶ ತಾನಾಗಿಯೇ ಸಾಯಲು ಹೊರಡುತ್ತದೆ. ಇದಕ್ಕೆ 1994ರಲ್ಲಿ ಅನೋಯಿಕಿಸ್ ಎಂದು ಹೆಸರಿಟ್ಟರು. ಕರುಳು ಕೆಡುವುದು, ಬಿಡಿಯಾದ ಕೋಶ ಸಾಯುವುದು, ಎರಡನ್ನೂ ನಿಧಾನ ಮಾಡುವುದು ತಣ್ಣಗಿನ ಐಸ್. ಇಡಿಟಿಎಯನ್ನು 37 ಡಿಗ್ರಿಯಲ್ಲಿ ಇಡುವವರೂ ಇದ್ದಾರೆ. ತಪ್ಪು ಅನ್ನಲ್ಲ, ಆದರೆ ಆಗ ನಿಮಿಷ ಎಣಿಸಲೇಬೇಕು.

ಹಾಗಾಗಿ ಒಂದು ಇಲಿ ಮುಗಿದ ಮೇಲೆಯೇ ಇನ್ನೊಂದು. ಸುಮ್ನೆ ಸಮಯ ಉಳಿಸಲು ಹೋಗಿ ಎರಡು ಜೀವ ವ್ಯರ್ಥ ಮಾಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅವನ್ನು ಕೊಲ್ಲಲು ನೈತಿಕ ಸಮಿತಿಯ ಒಪ್ಪಿಗೆ ಪಡೆದಿರುತ್ತೇವೆ, ಅಲ್ವಾ?

ಒಂದು ಮೇ ತಿಂಗಳು. ನಮ್ಮ ಊರಿನ ಬಿಸಿಲು ಗೊತ್ತೇ ಇದೆ, ಮೇಲೆ ಕರೆಂಟೂ ಇಲ್ಲ. ಯಾದಗಿರಿ ಕಡೆಯ ಹುಡುಗಿಯೊಬ್ಬಳು ಥರ್ಮೋಕೋಲ್ ಡಬ್ಬಿ ತುಂಬ ಐಸ್ ತಂದಳು. ಟ್ಯೂಬ್‌ಗಳಿಗೆ ಹೆಸರು ಬರೆದು, ಕತ್ತರಿ ಜೋಡಿಸಿ, ಕ್ಯಾಲ್ಸಿಯಂ ಇಲ್ಲದ ಪಿಬಿಎಸ್ (ಕೋಶಗಳಿಗೆ ಒಗ್ಗುವ ಉಪ್ಪುನೀರು) ತಣ್ಣಗೆ ಮಾಡಿಟ್ಟು, ಆಮೇಲೆ ಇಲಿಗೆ ಕೈ ಹಚ್ಚಿದಳು. ಐದು ನಿಮಿಷದೊಳಗೆ ಕರುಳು ಐಸ್ ಮೇಲೆ ಇತ್ತು. ಕೊಬ್ಬು ಬಿಡಿಸಿ, ಪೇಯರ್ಸ್ ಪ್ಯಾಚ್ (ಕರುಳಿನ ಗೋಡೆಯಲ್ಲಿರುವ ರೋಗನಿರೋಧಕ ಕೋಶಗಳ ಗಂಟು) ಕತ್ತರಿಸಿ ತೆಗೆದು, ಉದ್ದಕ್ಕೆ ಸೀಳಿ ತೊಳೆದಳು. ಇಡಿಟಿಎಯಲ್ಲಿಟ್ಟು ಅಲುಗಾಡಿಸಿದಾಗ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಯಿತು. ಒಂದು ಎಳೆ ಲೋಳೆ ಇಲ್ಲ. ಸತ್ತ ಕೋಶಗಳಿಗೆ ನೀಲಿ ಹಿಡಿಸುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದವಳು, "ಸರ್, ನೀಲಿ ಬಹಳ ಕಮ್ಮಿ ಅದಾವ್ರಿ" ಎಂದು ಕೂಗಿದಳು.