ಶಿಕ್ಷೆ ಆತು, ಮುಂದೇನ್ರಿ? ಸಜೆ, ಪೆರೋಲ್, ಬಿಡುಗಡೆ ಕುರಿತ ಓದಿನ ಟಿಪ್ಪಣಿ

ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಕೂತು ಪಿಎಸ್‌ಐ, ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕ), ಸಿವಿಲ್ ಜಡ್ಜ್ ಪರೀಕ್ಷೆಗೆ ಓದುತ್ತಿರುವವರಿಗೆ, ಹುಬ್ಬಳ್ಳಿ ನವನಗರದ ಕಾನೂನು ವಿವಿಯ ಪೇಪರ್ ಬರೆಯುವವರಿಗೆ ಈ ಟಿಪ್ಪಣಿ. ಎಫ್‌ಐಆರ್‌ನಿಂದ ತೀರ್ಪಿನವರೆಗೆ ನಮಗೆಲ್ಲ ಬಾಯಿಪಾಠ. ತೀರ್ಪಿನ ನಂತರದ ಅಧ್ಯಾಯಗಳು ಪುಸ್ತಕದ ಕೊನೆಗಿರುತ್ತವೆ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಾಲ್ ಟಿಕೆಟ್ ಬಂದಿರುತ್ತದೆ. ಊರಿಗೆ ಹೋದರೆ ಜನ ಕೇಳುವುದು ಮಾತ್ರ ಅದನ್ನೇ: "ಲಾ ಓದಾಕತ್ತೀಯಲ್ಲ ತಮ್ಮಾ, ನಮ್ಮಾಂವ ಯಾವಾಗ ಹೊರಗ ಬರ್ತಾನ ಹೇಳು."

ಈ ಭಾಗ ಗೋಜಲಾಗುವುದು ಕಲಂಗಳಿಂದಲ್ಲ. ಶಿಕ್ಷೆಯಾದ ಮನುಷ್ಯನ ಮೇಲೆ ನಾಲ್ಕಾರು ಅಧಿಕಾರಗಳು ಕೆಲಸ ಮಾಡುತ್ತಿರುತ್ತವೆ, ನಾವು ಎಲ್ಲವನ್ನೂ 'ಕೋರ್ಟು' ಎಂದು ಒಂದೇ ಗಂಟು ಕಟ್ಟುತ್ತೇವೆ. ಶಿಕ್ಷೆ ಕೊಡುವುದು ಮತ್ತು ಮೇಲ್ಮನವಿ ಮುಗಿಯುವ ತನಕ ಅದನ್ನು ಅಮಾನತಿನಲ್ಲಿಡುವುದು ನ್ಯಾಯಾಲಯ. ಪೆರೋಲ್ ಕಾರಾಗೃಹ ಆಡಳಿತದ್ದು. ಉಳಿದ ಶಿಕ್ಷೆ ಮಾಫಿ ಮಾಡುವುದು ಸರ್ಕಾರ. ಕ್ಷಮಾದಾನ ಸಂವಿಧಾನದ 72 ಮತ್ತು 161ನೇ ವಿಧಿಗಳಡಿ ರಾಷ್ಟ್ರಪತಿ, ರಾಜ್ಯಪಾಲರದ್ದು. ಹೊರಬಂದ ಮೇಲೆ ನೌಕರಿ, ಪಾಸ್‌ಪೋರ್ಟ್, ಚುನಾವಣೆ, ಹೊಲ ಇವುಗಳಿಗೆ ಆಯಾ ಕಾಯ್ದೆಯೇ ಬೇರೆ. ಯಾವ ಪ್ರಶ್ನೆ ಬಂದರೂ ಮೊದಲು 'ಇದು ಯಾರ ಕೈಯಾಗಿನ ಮಾತು' ಎಂದು ಕೇಳಿಕೊಳ್ಳಿ.

ಕಲಂ ಸಂಖ್ಯೆಗಳ ಬಗ್ಗೆ ಒಂದು ಮಾತು. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳುವ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಕೋರ್ಟಿನ ಪ್ರಕ್ರಿಯೆ ಹೇಳುವ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಶಿಕ್ಷೆ ಐಪಿಸಿ ಪ್ರಕಾರವೇ. ಈಗ ಜೈಲಿನಲ್ಲಿರುವ ಸಜಾ ಬಂಧಿಗಳಲ್ಲಿ ಬಹಳಷ್ಟು ಜನ ಹಳೇ ಕಾನೂನಿನವರು, ಹಾಗಾಗಿ ಎರಡೂ ಸಂಖ್ಯೆ ಬಾಯಲ್ಲಿರಬೇಕು.

ಜೀವಾವಧಿ ಅಂದ್ರ ಹದಿನಾಕು ವರ್ಷ ಅಲ್ಲೇನ್ರಿ?

ಅಲ್ಲ. ಜೀವಾವಧಿ ಎಂದರೆ ಜೀವ ಇರುವ ತನಕ. 1961ರಲ್ಲಿ ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಹೇಳಿಯಾಗಿದೆ. 'ಇಪ್ಪತ್ತು ವರ್ಷ' ಎನ್ನುವವರೂ ಇದ್ದಾರೆ. ಅದು ಐಪಿಸಿ 57ನೇ ಕಲಮಿನಿಂದ, ಅಂದರೆ ಈಗಿನ ನ್ಯಾಯ ಸಂಹಿತೆಯ 6ನೇ ಕಲಮಿನಿಂದ ಬಂದ ಗೊಂದಲ. ಜೀವಾವಧಿಯ ಅರ್ಧ, ಕಾಲು ಭಾಗ ಎಷ್ಟೆಂದು ಲೆಕ್ಕ ಹಾಕಬೇಕಾದಾಗ ಮಾತ್ರ ಅದನ್ನು ಇಪ್ಪತ್ತು ವರ್ಷ ಎಂದು ಹಿಡಿಯಬೇಕು, ಅಷ್ಟೇ.

ಹಾಗಾದರೆ ಹದಿನಾಲ್ಕು ಎಲ್ಲಿಂದ ಬಂತು? ಸಿಆರ್‌ಪಿಸಿ 433ಎ, ಈಗಿನ 475ನೇ ಕಲಂ. ಮರಣದಂಡನೆಯೂ ಒಂದು ಶಿಕ್ಷೆಯಾಗಿರುವ ಅಪರಾಧಕ್ಕೆ, ಉದಾಹರಣೆಗೆ ಕೊಲೆಗೆ, ಜೀವಾವಧಿ ಆಗಿದ್ದರೆ ಅಥವಾ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದ್ದರೆ, ಕನಿಷ್ಠ 14 ವರ್ಷ ನಿಜವಾಗಿ ಒಳಗಿರದೆ ಬಿಡುವಂತಿಲ್ಲ. ಜನ ಇದನ್ನು ತಲೆಕೆಳಗು ಓದುತ್ತಾರೆ. ಕಲಂ ಹೇಳುವುದು 'ಹದಿನಾಲ್ಕಕ್ಕೆ ಮೊದಲು ಬೇಡ' ಎಂದು. 'ಹದಿನಾಲ್ಕಕ್ಕೆ ಬಿಡಿ' ಎಂದು ಅದು ಎಲ್ಲೂ ಹೇಳಿಲ್ಲ. 1980ರ ಮಾರು ರಾಮ್ ತೀರ್ಪು ಈ ಕಲಂ ಸಂವಿಧಾನಬದ್ಧ ಎಂದು ಎತ್ತಿಹಿಡಿಯಿತು. ಜೈಲಿನಲ್ಲಿ ಕೆಲಸ ಮಾಡಿ, ಸನ್ನಡತೆಯಿಂದ ಇದ್ದು ಗಳಿಸಿದ ಮಾಫಿ ದಿನಗಳು ಈ ಹದಿನಾಲ್ಕರ ಲೆಕ್ಕಕ್ಕೆ ಬರುವುದಿಲ್ಲ. ವಿಚಾರಣಾಧೀನನಾಗಿ ಒಳಗಿದ್ದ ಕಾಲದ ವಜಾ (ಆ ದಿನಗಳನ್ನು ಶಿಕ್ಷೆಯಿಂದ ಕಳೆಯುವುದು) ಮಾತ್ರ ಜೀವಾವಧಿ ಬಂಧಿಗೂ ಸಿಗಬೇಕು ಎಂದು 1985ರ ಭಗೀರಥ ತೀರ್ಪು ಹೇಳಿದೆ.

ಹದಿನಾಲ್ಕು ಮುಗಿದ ಮೇಲೆ ಸರ್ಕಾರ ಸಿಆರ್‌ಪಿಸಿ 432, ಈಗಿನ 473ನೇ ಕಲಂ ಅಡಿ ಅವಧಿಪೂರ್ವ ಬಿಡುಗಡೆಯನ್ನು ಪರಿಶೀಲಿಸುತ್ತದೆ. ಶಿಕ್ಷೆ ಕೊಟ್ಟ ನ್ಯಾಯಾಲಯದ ನ್ಯಾಯಾಧೀಶರ ಅಭಿಪ್ರಾಯವನ್ನು ಕಾರಣ ಸಹಿತ ಕೇಳುತ್ತಾರೆ. ರಾಜ್ಯದಲ್ಲಿ ಇದಕ್ಕೊಂದು ನೀತಿ ಇದ್ದರೆ ಬಂಧಿ ಅರ್ಜಿ ಹಾಕದಿದ್ದರೂ ಅರ್ಹರಾದವರ ಪ್ರಕರಣವನ್ನು ಸರ್ಕಾರವೇ ಪರಿಶೀಲಿಸಬೇಕು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಓದು ಬರಹ ಬಾರದ, ಹೊರಗೆ ಓಡಾಡುವವರಿಲ್ಲದ ಬಂಧಿಗೆ ಇದು ದೊಡ್ಡ ಆಸರೆ. ಪರೀಕ್ಷೆಯಲ್ಲೂ ಬಂದೀತು.

ಯಾವ ಸರ್ಕಾರ? ಅಪರಾಧಿಯ ಊರಿರುವ ರಾಜ್ಯವಲ್ಲ, ಜೈಲಿರುವ ರಾಜ್ಯವೂ ಅಲ್ಲ, ಶಿಕ್ಷೆ ಕೊಟ್ಟ ಕೋರ್ಟ್ ಇರುವ ರಾಜ್ಯ. ಹುಬ್ಬಳ್ಳಿಯ ಲಾರಿ ಡ್ರೈವರನಿಗೆ ಸಾಂಗಲಿಯ ಸೆಷನ್ಸ್ ಕೋರ್ಟ್ ಶಿಕ್ಷೆ ಕೊಟ್ಟಿದ್ದರೆ ಅವನ ಮನೆಯವರು ವಿಧಾನಸೌಧಕ್ಕೆ ಎಡತಾಕಿ ಪ್ರಯೋಜನವಿಲ್ಲ. 2024ರ ಜನವರಿ 8ರಂದು ಬಿಲ್ಕಿಸ್ ಬಾನು ಪ್ರಕರಣದಲ್ಲಿ ಹನ್ನೊಂದು ಜನರ ಬಿಡುಗಡೆ ರದ್ದಾದದ್ದು ಇದೇ ಅಂಶದ ಮೇಲೆ. ಶಿಕ್ಷೆಯಾಗಿದ್ದು ಮಹಾರಾಷ್ಟ್ರದಲ್ಲಿ, ಮಾಫಿ ಕೊಟ್ಟಿದ್ದು ಗುಜರಾತ್.

ಇನ್ನೊಂದು ಬಗೆಯ ಜೀವಾವಧಿ ಇದೆ, ನಮ್ಮ ರಾಜ್ಯದ ಪ್ರಕರಣದಿಂದಲೇ ಹುಟ್ಟಿದ್ದು. 2008ರ ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ. ಗಲ್ಲು ಅತಿಯಾಯಿತು, ಹದಿನಾಲ್ಕಕ್ಕೆ ಬಿಡುವುದು ಕಡಿಮೆಯಾಯಿತು ಎನಿಸಿದಾಗ 'ಬದುಕಿರುವ ತನಕ ಬಿಡುಗಡೆ ಇಲ್ಲ' ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2015ರ ಶ್ರೀಹರನ್ ತೀರ್ಪು ಇಂಥ ಶಿಕ್ಷೆಯನ್ನು ಒಪ್ಪಿತು, ಆದರೆ ಇದನ್ನು ಕೊಡುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಎಂದಿತು.

ಬಿಡುಗಡೆ ತಾರೀಖು ಲೆಕ್ಕ ಹಾಕೋದು ಹೆಂಗ?

ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡಿ. ಕುಂದಗೋಳ ಕಡೆಯ ಒಬ್ಬನನ್ನು ಕಲ್ಪಿಸಿಕೊಳ್ಳಿ. ಬದುವಿನ ಜಗಳ, ಕೊಡಲಿ ಏಟು. 2021ರ ಮಾರ್ಚ್ 10ಕ್ಕೆ ಬಂಧನ, ಜಾಮೀನು ಸಿಗಲಿಲ್ಲ, 2023ರ ಸೆಪ್ಟೆಂಬರ್ 10ಕ್ಕೆ ತೀರ್ಪು. ಐಪಿಸಿ 307ಕ್ಕೆ (ಕೊಲೆ ಯತ್ನ) 7 ವರ್ಷ ಮತ್ತು 20,000 ರೂಪಾಯಿ ದಂಡ, ದಂಡ ಕಟ್ಟದಿದ್ದರೆ ಇನ್ನು 6 ತಿಂಗಳು. 326ಕ್ಕೆ (ಆಯುಧದಿಂದ ತೀವ್ರ ಗಾಯ) 5 ವರ್ಷ.

ತೀರ್ಪಿನ ಕೊನೇ ಸಾಲು ನೋಡಿ. 'ಎರಡೂ ಶಿಕ್ಷೆ ಏಕಕಾಲಕ್ಕೆ' ಎಂದಿದ್ದರೆ ಏಳು ವರ್ಷದೊಳಗೆ ಐದು ಮುಳುಗಿಹೋಗುತ್ತದೆ. ಹಾಗೆ ಬರೆದಿರದಿದ್ದರೆ ಒಂದಾದ ಮೇಲೆ ಒಂದು, ಒಟ್ಟು 12. ವಿಚಾರಣೆ ಕಾಲದ ಎರಡೂವರೆ ವರ್ಷ ಸಿಆರ್‌ಪಿಸಿ 428, ಈಗಿನ 468ನೇ ಕಲಂ ಪ್ರಕಾರ ವಜಾ. ಏಕಕಾಲಕ್ಕೆ ಎಂದಿದ್ದರೆ ಉಳಿಯುವುದು ನಾಲ್ಕೂವರೆ ವರ್ಷ, ಅಂದರೆ 2028ರ ಮಾರ್ಚ್ ಸುಮಾರಿಗೆ ಬಿಡುಗಡೆ. ಇಲ್ಲದಿದ್ದರೆ 2033. ಒಂದು ಸಾಲಿಗೆ ಐದು ವರ್ಷ!

ದಂಡದ್ದು ಬೇರೆ ಖಾತೆ. ದಂಡ ಕಟ್ಟದ ಕಾರಣಕ್ಕೆ ಬರುವ ಸಜೆಗೆ ವಿಚಾರಣೆ ಕಾಲದ ವಜಾ ಅನ್ವಯಿಸುವುದಿಲ್ಲ, ಮೂಲ ಶಿಕ್ಷೆ ಮುಗಿದ ಮೇಲೆ ಅದು ಶುರು. ಆದರೆ ಅರ್ಧ ದುಡ್ಡು ಕಟ್ಟಿದರೆ ಅರ್ಧ ಸಜೆ ಇಳಿಯುತ್ತದೆ. 10,000 ಹೊಂದಿಸಿದರೆ ಮೂರು ತಿಂಗಳಿಗೆ ಮನೆಗೆ. ದಂಡದ ಬಾಕಿಗಾಗಿಯೇ ತಿಂಗಳುಗಟ್ಟಲೆ ಉಳಿದುಕೊಂಡವರ ಮನೆಯವರಿಗೆ ಈ ಮಾತು ಗೊತ್ತೇ ಇರುವುದಿಲ್ಲ.

ಪೆರೋಲ್ ಮ್ಯಾಲ ಬಂದ್ರ ಮತ್ತ ಹೋಗೂದು ಯಾಕ?

ಇಂಗ್ಲಿಷ್ ಸೀರಿಯಲ್ ನೋಡಿ ಬೆಳೆದವರ ಪ್ರಶ್ನೆ ಇದು. ಅಮೆರಿಕದ ಪೆರೋಲ್ ಎಂದರೆ ಶಿಕ್ಷೆಯ ಉಳಿದ ಭಾಗವನ್ನು ಅಧಿಕಾರಿಯ ನಿಗಾದಲ್ಲಿ ಹೊರಗೇ ಕಳೆಯುವುದು. ನಮ್ಮ ಪೆರೋಲ್ ಎಂದರೆ ಹೋಗಿ, ಕೆಲಸ ಮುಗಿಸಿ, ಹೇಳಿದ ದಿನ ಹೇಳಿದ ಹೊತ್ತಿಗೆ ವಾಪಸ್ ಬರುವುದು. ಅವರದಕ್ಕೆ ಹತ್ತಿರದ್ದು ನಮ್ಮಲ್ಲಿ ಷರತ್ತಿನ ಮಾಫಿ.

ಕಾರಾಗೃಹ ರಾಜ್ಯಪಟ್ಟಿಯ ವಿಷಯ. ಹಾಗಾಗಿ ಪೆರೋಲ್ ದಂಡ ಪ್ರಕ್ರಿಯೆಯ ಸಂಹಿತೆಯಲ್ಲಿಲ್ಲ. 1963ರ ಕರ್ನಾಟಕ ಕಾರಾಗೃಹ ಕಾಯ್ದೆ, 1974ರ ನಿಯಮಗಳು, 2021ರ ಕೈಪಿಡಿ ಇವುಗಳಲ್ಲಿ ಹುಡುಕಬೇಕು. ಪೆರೋಲಿಗೆ ಕಾರಣ ಬೇಕು: ತಂದೆ-ತಾಯಿಯ ಕಾಯಿಲೆ, ಸಾವು, ಮನೆಯಲ್ಲಿ ಮದುವೆ, ಬಿದ್ದ ಮನೆಯ ರಿಪೇರಿ, ಬಿತ್ತನೆ. ಫರ್ಲೋ ಎಂಬ ಇನ್ನೊಂದು ಬಗೆಯ ರಜೆಗೆ ಹಾಗೆ ಕಾರಣ ಬೇಡ, ದೀರ್ಘ ಶಿಕ್ಷೆಯವನು ಮನೆಮಂದಿಯ ನಂಟು ಕಳೆದುಕೊಳ್ಳಬಾರದು ಎಂಬುದೇ ಕಾರಣ. ಈ ವ್ಯತ್ಯಾಸಕ್ಕೆ 2017ರ ಅಸ್ಫಾಕ್ ವಿರುದ್ಧ ರಾಜಸ್ಥಾನ ತೀರ್ಪು ಓದಿ. ಪೆರೋಲ್ ಮೇಲಿದ್ದ ದಿನಗಳನ್ನು 14 ವರ್ಷದ ನಿಜವಾದ ಸೆರೆವಾಸದಲ್ಲಿ ಎಣಿಸುವಂತಿಲ್ಲ ಎಂದು 2023ರ ರೋಹನ್ ಧುಂಗಟ್ ವಿರುದ್ಧ ಗೋವಾ ರಾಜ್ಯ ತೀರ್ಪು ಹೇಳಿತು.

ಕಾಗದ ಓಡುವ ದಾರಿ ಹೀಗೆ. ಧಾರವಾಡ ಕೇಂದ್ರ ಕಾರಾಗೃಹದ ಬಂಧಿಯೋ ಅವನ ಮನೆಯವರೋ ಜೈಲು ಅಧೀಕ್ಷಕರಿಗೆ ಅರ್ಜಿ ಕೊಡುತ್ತಾರೆ. ಅಲ್ಲಿಂದ ಪೊಲೀಸ್ ವರದಿಗೆ ಹೋಗುತ್ತದೆ. ಮನೆ ಹಳೇ ಹುಬ್ಬಳ್ಳಿಯಲ್ಲಿದ್ದರೆ ಅವಳಿನಗರದ ಕಮಿಷನರೇಟಿಗೆ, ಕಲಘಟಗಿಯಲ್ಲಿದ್ದರೆ ಜಿಲ್ಲಾ ಎಸ್‌ಪಿ ಕಚೇರಿಗೆ. ಠಾಣೆಯಿಂದ ಪೇದೆಯೊಬ್ಬ ಊರಿಗೆ ಬಂದು ಅಕ್ಕಪಕ್ಕದವರನ್ನು, ದೂರುದಾರರ ಮನೆಯವರನ್ನು ವಿಚಾರಿಸುತ್ತಾನೆ. ಆಚೆ ಓಣಿಯ ಆ ಮನೆಯವರು "ಅವ ಬಂದ್ರ ನಾವು ಊರಾಗ ಇರೂದಿಲ್ರಿ" ಎಂದರೆ ಅದು ವರದಿಯಲ್ಲಿ 'ಶಾಂತಿ ಭಂಗವಾಗುವ ಸಂಭವವಿದೆ' ಎಂಬ ಸಾಲಾಗುತ್ತದೆ. ಪೆರೋಲ್ ನಿಲ್ಲುವುದು ಹೆಚ್ಚಾಗಿ ಈ ಸಾಲಿನಲ್ಲಿ. ಆ ಮನೆಯವರ ಅಂಜಿಕೆ ಸುಳ್ಳಲ್ಲ, ಅದನ್ನು ಸುಮ್ಮನೆ ತಳ್ಳಿಹಾಕಬಾರದು. ಆದರೆ ಎಲ್ಲ ವರದಿಯಲ್ಲೂ ಅದೇ ಸಾಲು ಅಚ್ಚೊತ್ತಿದಂತೆ ಬಂದರೆ ವಿಚಾರಣೆ ನಡೆದಿಲ್ಲ ಎಂದೇ ನನ್ನ ಲೆಕ್ಕ.

ತಿರಸ್ಕಾರವಾದರೆ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್. ಧಾರವಾಡ, ಗದಗ, ಹಾವೇರಿಯವರು ಇದಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಧಾರವಾಡ ಪೀಠ ಇಲ್ಲೇ ಇದೆ. ಪೆರೋಲ್ ಹಕ್ಕಲ್ಲ, ಆದರೆ ಕಾರಣವಿಲ್ಲದೆ ಇಲ್ಲವೆನ್ನುವಂತೆಯೂ ಇಲ್ಲ. ಮೊದಲ ವಾಕ್ಯವಷ್ಟೇ ಬರೆದರೆ ಅರ್ಧ ಅಂಕ. ವಿಚಾರಣಾಧೀನ ಬಂಧಿಗೆ ಪೆರೋಲ್ ಎಂಬುದಿಲ್ಲ, ಅವನು ಕೋರ್ಟಿಗೆ ಮಧ್ಯಂತರ ಜಾಮೀನು ಕೇಳಬೇಕು.

ಅಪೀಲಿಗೆ ದುಡ್ಡಿಲ್ಲ, ಏನ್ ಮಾಡೂದು?

ದುಡ್ಡು ಬೇಡ. ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ಪುಕ್ಕಟೆ ಕೊಡಬೇಕು. ಅವನು ಜೈಲಿನಲ್ಲಿದ್ದುಕೊಂಡೇ ಅಧೀಕ್ಷಕರ ಮೂಲಕ ಅಪೀಲು ಕಳಿಸಬಹುದು. ಬಂಧನದಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ. ಸಹಾಯವಾಣಿ 15100. ಅಪೀಲು ಹಾಕುವ ಗಡುವು ಸೆಷನ್ಸ್ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 60 ದಿನ. ಮರಣದಂಡನೆಗೆ ಮಾತ್ರ ಹೈಕೋರ್ಟಿಗೂ 30 ದಿನವೇ.

ಊರ ಹಿರ್ಯಾರು ಕೂಡಿ ರಾಜಿ ಮಾಡ್ಸೀವ್ರಿ, ಈಗರ ಬಿಡ್ತಾರಿಲ್ಲ?

ಅಪರಾಧ ಯಾವುದು ಎಂಬುದರ ಮೇಲೆ. ರಾಜಿಯಾಗಬಲ್ಲ ಅಪರಾಧಗಳ ಪಟ್ಟಿ ಸಿಆರ್‌ಪಿಸಿ 320ರಲ್ಲಿತ್ತು, ಈಗ 359ರಲ್ಲಿದೆ. ಶಿಕ್ಷೆಯಾಗಿ ಅಪೀಲು ಬಾಕಿ ಇದ್ದಾಗಲೂ ಆ ಪಟ್ಟಿಯ ಅಪರಾಧಕ್ಕೆ ಮೇಲಿನ ಕೋರ್ಟಿನ ಅನುಮತಿ ಪಡೆದು ರಾಜಿಯಾಗಬಹುದು, ಆಗ ಅದು ಖುಲಾಸೆಗೆ ಸಮ. ಕೊಲೆ ಆ ಪಟ್ಟಿಯಲ್ಲಿಲ್ಲ. ಕಟ್ಟೆಯ ಮೇಲೆ ಎಷ್ಟು ಜನ ಸಹಿ ಹಾಕಿದರೂ ಇಲ್ಲ.

ನೌಕರಿ, ಓಟು, ಪಾಸ್‌ಪೋರ್ಟ್

ನೌಕರಿ ನಮ್ಮ ಪೈಕಿ ಹಲವರ ಸ್ವಂತ ಪ್ರಶ್ನೆ, ಕಾಲೇಜಿನ ದಿನಗಳ ಹೊಡೆದಾಟದ ಕೇಸು ಹೊತ್ತು ಪಿಎಸ್‌ಐಗೆ ಓದುವವರಿದ್ದಾರೆ. 2016ರ ಅವತಾರ್ ಸಿಂಗ್ ವಿರುದ್ಧ ಭಾರತ ಒಕ್ಕೂಟ ತೀರ್ಪನ್ನು ಅವರು ಪೂರ್ತಿ ಓದಬೇಕು. ಕೇಸು ಇದ್ದದ್ದಕ್ಕಿಂತ ದೃಢೀಕರಣ ಫಾರಂನಲ್ಲಿ ಮುಚ್ಚಿಟ್ಟದ್ದು ಹೆಚ್ಚು ಕೆಡುಕು ಮಾಡುತ್ತದೆ. ಸಣ್ಣ ಕೇಸನ್ನು ನಿಜವಾಗಿ ಬರೆದಿದ್ದರೆ ನೇಮಕಾಧಿಕಾರಿ ವಿವೇಚನೆ ಬಳಸಬಹುದು. ಬರೆದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೂ ಇಲ್ಲ.

ಈಗಾಗಲೇ ಸರ್ಕಾರಿ ನೌಕರನಾಗಿದ್ದವನಿಗೆ ಶಿಕ್ಷೆಯಾದರೆ 311ನೇ ವಿಧಿಯ ಎರಡನೇ ಖಂಡದ ಅಡಿ ಇಲಾಖಾ ವಿಚಾರಣೆ ಇಲ್ಲದೆಯೇ ವಜಾ ಮಾಡಬಹುದು. 'ಶಿಕ್ಷೆ ಅಮಾನತಾಗಿದೆ, ಬೇಲ್ ಸಿಕ್ಕಿದೆ' ಎಂದರೆ ಉಪಯೋಗವಿಲ್ಲ. ಅಮಾನತಾಗಿದ್ದು ಶಿಕ್ಷೆ, ಅಪರಾಧಿ ಎಂಬ ತೀರ್ಮಾನ ಹಾಗೇ ನಿಂತಿದೆ. ಆ ತೀರ್ಮಾನಕ್ಕೇ ತಡೆ ಸಿಗುವುದು ಅಪರೂಪ, 1995ರ ರಾಮ ನಾರಂಗ್ ತೀರ್ಪು ನೋಡಿ. 1958ರ ಪ್ರೊಬೇಶನ್ ಕಾಯ್ದೆಯಡಿ ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಟ್ಟುಕಳಿಸಿದರೆ 12ನೇ ಕಲಂ ಅನರ್ಹತೆ ತೆಗೆಯುತ್ತದೆ ನಿಜ, ಆದರೆ ನೌಕರಿಯಿಂದ ವಜಾ ಮಾಡುವುದನ್ನು ಅದು ತಡೆಯದು ಎಂದು 1990ರ ಬಕ್ಷಿ ರಾಮ್ ತೀರ್ಪು ಹೇಳಿದೆ.

ಓಟು: ಒಳಗಿದ್ದಾಗ ಇಲ್ಲ, ಹೊರಬಂದ ಮೇಲೆ ಇದೆ. ವಿಧಾನಸಭೆ, ಲೋಕಸಭೆಗೆ ನಿಲ್ಲುವುದು: ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಆ ದಿನದಿಂದ ಅನರ್ಹತೆ, ಬಿಡುಗಡೆ ನಂತರವೂ ಆರು ವರ್ಷ. ಪಾಸ್‌ಪೋರ್ಟ್: ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾಗಿ, ಅರ್ಜಿಗೆ ಹಿಂದಿನ ಐದು ವರ್ಷದೊಳಗಿದ್ದರೆ ನಿರಾಕರಣೆ. ರೌಡಿ ಶೀಟ್ ಶಿಕ್ಷೆಯಲ್ಲ, ಪೊಲೀಸರ ಕಡತ. ಬಾಲಾಪರಾಧಿಯಾಗಿದ್ದಾಗಿನ ಪ್ರಕರಣದಿಂದ ಸಾಮಾನ್ಯವಾಗಿ ಯಾವ ಅನರ್ಹತೆಯೂ ಅಂಟುವುದಿಲ್ಲ, 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಂ.

ಹೊಲದಾಗ ಪಾಲು ಬರ್ತದೇನು?

ನಮ್ಮ ಕಡೆ ಕೊನೆಗೆ ಎಲ್ಲ ಪ್ರಶ್ನೆ ಇಲ್ಲಿಗೇ ಬಂದು ನಿಲ್ಲುತ್ತವೆ. ಜೈಲಿಗೆ ಹೋದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ತನ್ನ ಹೆಸರಿನ ಉತಾರ ತನ್ನದೇ. ಆದರೆ ಯಾರನ್ನು ಕೊಂದನೋ ಅವರ ಆಸ್ತಿಗೆ ವಾರಸುದಾರನಾಗುವಂತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 25ನೇ ಕಲಂ. 27ನೇ ಕಲಂ ಪ್ರಕಾರ ಅವನು ಸತ್ತವರಿಗಿಂತ ಮೊದಲೇ ತೀರಿಕೊಂಡಂತೆ ಲೆಕ್ಕ. ಅಪ್ಪನನ್ನು ಕೊಂದ ಮಗನ ಹೆಂಡತಿ ಗಂಡನ ಹೆಸರು ಹಿಡಿದು ಮಾವನ ಆಸ್ತಿ ಕೇಳಿದಾಗ 2005ರ ವೆಲ್ಲಿಕಣ್ಣು ತೀರ್ಪು ಒಪ್ಪಲಿಲ್ಲ. ಈ ತತ್ವ ಕಾಯ್ದೆಗಿಂತ ಹಳೆಯದು. 1924ರಲ್ಲಿ ಬ್ರಿಟಿಷ್ ಕಾಲದ ಕೊನೇ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಹೇಳಿದ್ದು ಆಗಿನ ಮುಂಬಯಿ ಪ್ರಾಂತದಿಂದ ಹೋದ ಕೆಂಚವ್ವ ವಿರುದ್ಧ ಗಿರಿಮಲ್ಲಪ್ಪ ಪ್ರಕರಣದಲ್ಲಿ. ಪಕ್ಷಗಾರರ ಹೆಸರು ಕೇಳಿದರೇ ನಮ್ಮ ಮಂದಿ ಎಂದು ಗೊತ್ತಾಗುತ್ತದೆ. ದಿಲ್ಲಿ, ಚೆನ್ನೈನ ಪುಸ್ತಕಗಳಲ್ಲಿ ಈ ಹೆಸರುಗಳ ಕಾಗುಣಿತ ಕೆಟ್ಟು ಹೋಗಿದೆ, ಉತ್ತರಪತ್ರಿಕೆಯಲ್ಲಿ ನಾವಾದರೂ ಸರಿಯಾಗಿ ಬರೆಯೋಣ.